ಮಳೆ ನಿಲ್ಲುತ್ತದೆ ಎಂದು ಮೊದಲೇ ಹೇಳಿದವರು

ಜೂನ್‌ನಲ್ಲಿ ಕಾಲೇಜು ತೆರೆದ ವಾರ ನಮ್ಮ ಭೂಗೋಳದ ಮೇಡಂಗೆ ಶ್ರದ್ಧಾಂಜಲಿ ಸಭೆ ಇಟ್ಟಿದ್ದರು. ಬೇಸಿಗೆ ರಜೆಯಲ್ಲಿ ಅವರು ತೀರಿಕೊಂಡಿದ್ದರು. ಶಹಾಪುರದ ಅದೇ ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತನಾದ ನನ್ನನ್ನೂ ಕರೆದಿದ್ದರು. ಮಾತಾಡಿದವರೆಲ್ಲ ಹೆಚ್ಚು ಕಡಿಮೆ ಒಂದೇ ಮಾತು ಹೇಳಿದರು. ಮೇಡಂ ಬಹಳ ಶಾಂತ ಸ್ವಭಾವದವರು, ಯಾರಿಗೂ ಎದುರಾಡಿದವರಲ್ಲ, ಹೂವಿನಂಥ ಮನಸ್ಸು ಅವರದು.

ನನಗೆ ಮೈಯೆಲ್ಲ ಉರಿಯಿತು. ವರ್ಷಗಟ್ಟಲೆ ಅವರ ಪಕ್ಕದ ಕೋಣೆಯಲ್ಲಿ ಪಾಠ ಮಾಡಿದವನು ನಾನು. ನಡುವೆ ಒಂದೇ ಗೋಡೆ. ಆ ಗೋಡೆ ದಾಟಿ ಬರುತ್ತಿದ್ದ ಅವರ ದನಿಗೆ ನನ್ನ ತರಗತಿಯ ಹುಡುಗರು ಹಳಗನ್ನಡ ಬಿಟ್ಟು ಮುಂಗಾರು ಕಲಿತಿದ್ದರು. ನಾನು ಕಂಡ ಮನುಷ್ಯರಲ್ಲೆಲ್ಲ ಅತಿ ಸಿಟ್ಟಿನವರು ಅವರು. ಆ ಸಿಟ್ಟನ್ನು ಸತ್ತ ಮೇಲೆ ಒಗೆದು ಹಿಂಡಿ ತೆಗೆದುಬಿಟ್ಟರೆ ಅವರಲ್ಲಿ ಉಳಿಯುವುದೇನು? ನನ್ನ ಸರದಿ ಬಂದಾಗ ಅಷ್ಟನ್ನೇ ಹೇಳಲು ಹೊರಟೆ. ಮೇಡಂಗೆ ಸಿಟ್ಟು ಬರುತ್ತಿತ್ತು, ಆ ಸಿಟ್ಟಿಗೆ ಕಾರಣವಿತ್ತು ಎನ್ನುವಷ್ಟರಲ್ಲಿ ಪ್ರಾಚಾರ್ಯರು ಕೈಗಡಿಯಾರ ನೋಡಿಕೊಂಡು, ಮೌನಾಚರಣೆ ಮಾಡೋಣ ಎಂದು ಎದ್ದು ನಿಂತರು. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೇಡಂ ಎತ್ತರದ ಹೆಂಗಸು. ನಡಿಗೆ ಬಿರುಸು, ಮಾತು ಅದಕ್ಕಿಂತ ಬಿರುಸು. ಎರಡೂ ಕೈ ಮೊಣಕೈವರೆಗೆ ಬೆಳ್ಳಗಾಗಿದ್ದವು. ತುಟಿಯ ಸುತ್ತ ಬಿಳುಪು, ಒಂದು ಹುಬ್ಬೂ ಬಿಳಿ. ಚಿಕ್ಕಂದಿನಲ್ಲೇ ಶುರುವಾದ ತೊನ್ನು. ತುಂಬುತೋಳಿನ ರವಿಕೆ ಹಾಕಿ ಮುಚ್ಚಿಕೊಳ್ಳಿ ಎಂದು ಸಲಹೆ ಕೊಟ್ಟವರು ಇದ್ದರು. ಅವರು ಒಂದು ದಿನವೂ ಮುಚ್ಚಿಕೊಳ್ಳಲಿಲ್ಲ. ಪ್ರತಿ ವರ್ಷ ಹೊಸ ಮಕ್ಕಳು ಬಂದ ಮೊದಲ ದಿನ ಮೇಜಿನ ಮುಂದೆ ಬಂದು ಎರಡೂ ಕೈ ಚಾಚಿ ನಿಲ್ಲುತ್ತಿದ್ದರು.

"ನೋಡ್ರಿ. ಇವತ್ತೇ ಪೂರಾ ನೋಡಿ ಮುಗಿಸ್ರಿ. ಇದು ತೊನ್ನು. ಮುಟ್ಟಿದ್ರ ಹತ್ತೂದಿಲ್ಲ, ಯಾರ ಪಾಪದ್ದೂ ಅಲ್ಲ. ನಾಳಿಂದ ಬೋರ್ಡ್ ನೋಡ್ರಿ."

ಮಕ್ಕಳು ಅವತ್ತೇ ನೋಡಿ ಮುಗಿಸುತ್ತಿದ್ದರು. ಮುಗಿಸದವರು ಸ್ಟಾಫ್ ರೂಮಿನಲ್ಲಿದ್ದರು. ಚಹಾದ ಲೋಟ ಬೇರೆ ಇಟ್ಟವರು ಯಾರು ಎಂದು ನನಗೆ ಗೊತ್ತು. ಸಭೆಯಲ್ಲಿ ಅತಿ ಉದ್ದದ ಭಾಷಣ ಮಾಡಿದವರೂ ಅವರೇ. ಮೇಡಂ ಆ ಬೇರೆ ಲೋಟವನ್ನು ಒಂದು ದಿನ ಎಲ್ಲರೆದುರು ಕಿಟಕಿಯಿಂದ ಆಚೆ ಎಸೆದು, ಸಾಲಿನಲ್ಲಿದ್ದ ಇನ್ನೊಂದು ಲೋಟ ತೆಗೆದುಕೊಂಡು ಚಹಾ ಕುಡಿದರು.

ಅವರು ಮಳೆ ಪಾಠ ಮಾಡುತ್ತಿದ್ದ ರೀತಿ ಹೇಳಬೇಕು. ಮನೆಯಿಂದ ಒಂದು ದೊಡ್ಡ ಟವೆಲ್ ತರುತ್ತಿದ್ದರು. ಬಕೆಟ್ಟಿನಲ್ಲಿ ಅದ್ದಿ, ನೀರು ಸುರಿಯುತ್ತಿರುವಂತೆಯೇ ಎತ್ತಿಕೊಂಡು ತರಗತಿಯ ಪಡುವಣ ಗೋಡೆಗೆ ಹೋಗುತ್ತಿದ್ದರು. "ಇದು ಅರಬ್ಬಿ ಕಡಲಿನ ಗಾಳಿ. ಇಷ್ಟು ನೀರು ಹೊತ್ತುಕೊಂಡು ಬರ್ತದ. ಈ ಗೋಡಿ ಸಹ್ಯಾದ್ರಿ. ಗುಡ್ಡ ಏರಬೇಕಾದ್ರ ಗಾಳಿ ತಣ್ಣಗಾಗ್ತದ, ತಣ್ಣಗಾದ ಗಾಳಿಗೆ ನೀರು ಹಿಡಕೊಳ್ಳಾಕ ಆಗೂದಿಲ್ಲ." ಅಲ್ಲೇ ಟವೆಲ್ಲನ್ನು ಹಿಂಡುತ್ತಿದ್ದರು. ಗೋಡೆಯ ಬುಡದಲ್ಲಿ ಕೂತ ಹುಡುಗರ ಚಪ್ಪಲಿ ತೊಯ್ಯುತ್ತಿದ್ದವು. ಆಮೇಲೆ ಆ ಹಿಂಡಿದ ಟವೆಲ್ಲನ್ನು ಬಾಗಿಲ ಹತ್ತಿರ ಕೂತವರ ಮುಖದ ಮುಂದೆ ಝಾಡಿಸಿ, "ಇದು ಶಹಾಪುರ, ಸುರಪುರ, ಯಾದಗಿರಿ. ನಮಗ ಬರೂದು ಹಿಂಡಿದ ಅರಿವಿ. ಇದರಾಗ ನಮ್ಮ ತಪ್ಪೇನದ? ನಿಮ್ಮಪ್ಪ, ನಿಮ್ಮವ್ವ, ನಿಮ್ಮ ಊರಿನ ಯಾರಾದರೂ ಏನಾದರೂ ತಪ್ಪು ಮಾಡ್ಯಾರೇನು?" ಎಂದು ಕೇಳುತ್ತಿದ್ದರು. ಇಲ್ಲ ಎಂದು ಮಕ್ಕಳು ಗಟ್ಟಿಯಾಗಿ ಹೇಳುವ ತನಕ ಬಿಡುತ್ತಿರಲಿಲ್ಲ.

ಈ ಕೊನೆಯ ಪ್ರಶ್ನೆ ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ. ಅದೇಕೆ ಅಷ್ಟು ಮುಖ್ಯ ಎಂದು ನಾನು ಮೊದಮೊದಲು ಯೋಚಿಸುತ್ತಿದ್ದೆ. ಪೇಪರಿನಲ್ಲಿ 'ಮುನಿಸಿಕೊಂಡ ವರುಣ' ಎಂಬ ತಲೆಬರಹ ಬಂದ ದಿನ ಅವರು ಆ ಹಾಳೆಯನ್ನು ನನ್ನ ಮುಂದೆ ಬಡಿದು ಕೇಳಿದರು: "ನೀವು ಕನ್ನಡದವರು, ಹೇಳ್ರಿ ಸರ್. ಮುನಿಸು ಅಂತ ಯಾಕ ಬರೀತಾರ? ಗಾಳಿಗೆ ಎಲ್ಲಿಯ ಮುನಿಸು? ಮುನಿಸು ಅಂದ ಕೂಡ್ಲೇ ಮಂದಿ ಏನ್ ಕೇಳ್ತಾರ ಗೊತ್ತದ? ಯಾರ ಮ್ಯಾಲ ಅಂತ ಕೇಳ್ತಾರ. ಆಮ್ಯಾಲ ಹುಡುಕಾಕ ಹತ್ತತಾರ."

ಯಾರನ್ನು ಹುಡುಕುತ್ತಾರೆ ಎಂದು ನನಗೆ ಗೊತ್ತಾದದ್ದು ಮುಂದೆ ಒಂದು ವರ್ಷ, ಜುಲೈನಲ್ಲಿ.

ಆ ವರ್ಷ ಮುಂಗಾರು ಚೆನ್ನಾಗಿ ಹಿಡಿದು, ಎಲ್ಲರೂ ತೊಗರಿ, ಹತ್ತಿ ಬಿತ್ತಿದ ಮೇಲೆ ಮಳೆ ನಿಂತುಹೋಯಿತು. ವನದುರ್ಗದ ಆಚೆಗಿನ ಒಂದು ಊರಿನಿಂದ ನಮ್ಮ ಕಾಲೇಜಿಗೆ ಬರುತ್ತಿದ್ದ ಹುಡುಗಿಯೊಬ್ಬಳು ಮೇಡಂ ಹತ್ತಿರ ಬಂದಳು. ಊರಿನ ಹೆಸರನ್ನೂ ಅವಳ ಹೆಸರನ್ನೂ ಬರೆಯುವುದಿಲ್ಲ, ಬೇಡ ಎಂದಿದ್ದಾಳೆ. ಅವಳ ಅಪ್ಪನಿಗೂ ತೊನ್ನು ಇತ್ತು. ಹಿಂದಿನ ಚಳಿಗಾಲದಲ್ಲಿ ಸತ್ತಿದ್ದ. ಅವರ ಮಂದಿ ಹೂಳುವವರು, ಹೊಲದಲ್ಲಿ ಹೂತಿದ್ದರು. ಈಗ ಮಳೆ ನಿಂತದ್ದೇ ತಡ, ತೊನ್ನು ಹತ್ತಿದವನನ್ನು ಹೂತಿದ್ದಕ್ಕೇ ಮಳೆ ಹೋಯಿತು, ಹೆಣ ತೆಗೆದು ಸುಡಬೇಕು ಎಂದು ಊರಲ್ಲಿ ಮಾತಾಗಿತ್ತು. ಈ ನಂಬಿಕೆ ನಮ್ಮ ಸೀಮೆಯಲ್ಲಿ ಹಳೆಯದು. ನಾನು ಕೇಳಿದ್ದೆ, ಯಾವ ಕಾಲದ್ದೋ ಎಂದು ಸುಮ್ಮನಿದ್ದೆ. ಆದರೆ ಮೊಬೈಲು, ಟ್ರ್ಯಾಕ್ಟರು, ಕಾನ್ವೆಂಟು ಎಲ್ಲ ಬಂದ ಊರಿನ ಮಾತು ಇದು.

"ಮನ್ಯಾಗ ಅವ್ವ ಒಬ್ಬಾಕಿ ಅದಾಳ್ರಿ ಮೇಡಂ," ಎಂದಳು ಹುಡುಗಿ. "ಒಪ್ಪಿಗಿ ಕೊಡು ಅಂತ ದಿನಾ ಬಂದು ಕುಂಡರ್ತಾರ್ರಿ."

ಮೇಡಂ ಚೀಲ ತೆಗೆದುಕೊಂಡು ಎದ್ದರು. ನಾನೂ ಜೊತೆಗೆ ಹೋದೆ.

ಊರ ಕಟ್ಟೆಯ ಮೇಲೆ ಮಂದಿ ಸೇರಿದ್ದರು. ನಡುವೆ ಕೂತಿದ್ದ ಸಾವ್ಕಾರ ಬಹಳ ಮರ್ಯಾದಸ್ಥ. "ಬರ್ರಿ ಬಾಯಾರ, ಕುಂಡರ್ರಿ" ಎಂದು ಮೇಡಂಗೆ ಕುರ್ಚಿ ಹಾಕಿಸಿದ, ಚಹಾ ತರಿಸಿದ. ಅವನ ಗದ್ದೆಗಳಿಗೆ ಕಾಲುವೆ ನೀರು ಬರುತ್ತಿತ್ತು. ಮಳೆ ನಿಂತರೂ ಅವನ ಭತ್ತಕ್ಕೆ ಏನೂ ಆಗುತ್ತಿರಲಿಲ್ಲ. ಒಣಗುತ್ತಿದ್ದದ್ದು ಕಾಲುವೆಗಿಂತ ಮೇಲಿನ ಹೊಲಗಳು, ಬಡವರವು. ಆದರೂ ಮಳೆಯ ಚಿಂತೆಗೆ ಮುಂದಾಳು ಅವನೇ. ಪಂಚಾಯ್ತಿ ಚುನಾವಣೆ ಹತ್ತಿರ ಬಂದಿತ್ತು.

ಮೇಡಂ ಕೂತುಕೊಳ್ಳಲಿಲ್ಲ. ಕಟ್ಟೆಯ ಮುಂದಿನ ಮಣ್ಣಿನಲ್ಲಿ ಒಂದು ಕೋಲಿನಿಂದ ದೇಶದ ನಕ್ಷೆ ಗೀರಿದರು.

"ಮಳಿ ನಮ್ಮೂರಾಗ ಅಷ್ಟೇ ನಿಂತಿಲ್ಲ. ಯಾದಗಿರಿಗೂ ನಿಂತದ, ರಾಯಚೂರಿಗೂ ನಿಂತದ, ಆಚಿ ತೆಲಂಗಾಣಕ್ಕೂ ನಿಂತದ. ಅಲ್ಲೆಲ್ಲ ಈ ಒಬ್ಬ ಮನುಷ್ಯಾನ್ನೇ ಹುಗದಾರೇನು?"

ಯಾರೋ ನಕ್ಕರು. ಯಾರೋ ಅವರನ್ನು ಗದರಿಸಿದರು. ಮೇಡಂ ಗಂಗೆಯ ಬಯಲಿನಿಂದ ಬಂಗಾಳದ ಕಡಲಿನವರೆಗೆ ಒಂದು ಗೆರೆ ಎಳೆದರು. "ಮುಂಗಾರಿನ್ಯಾಗ ಗಾಳಿ ಬಂದು ಕೂಡೂ ಜಾಗ ಇದು. ಗಾಳಿಯ ತಗ್ಗು ಅನ್ನಕೊಳ್ರಿ. ಈ ತಗ್ಗು ಇಲ್ಲಿದ್ರ ನಮಗೂ ಮಳಿ. ಇದು ಮ್ಯಾಲ ಸರಿದು ಹಿಮಾಲಯದ ಬುಡಕ್ಕ ಹೋತಂದ್ರ ಅಲ್ಲಿ ಹೊಳಿ ಬಂದು ಊರು ಕೊಚ್ಚಿ ಹೋಗ್ತಾವ, ಇಲ್ಲಿ ಬಿಸಲು ಬೀಳ್ತದ. ಬಹುತೇಕ ವರ್ಷ ಹಿಂಗ ಆಗ್ತದ. ನಿಮ್ಮ ಅಜ್ಜಂದಿರ ಕಾಲಕ್ಕೂ ಆಗಿತ್ತು. ಬಂಗಾಳದ ಕಡಲಾಗ ಒಂದು ಸುಳಿ ಎದ್ದರ ತಗ್ಗು ಮತ್ತ ಕೆಳಗಿಳೀತದ. ಈಗ ಆ ಸುಳಿ ಏಳಾಕತ್ತದ. ನಾ ದಿನಾ ನೋಡಾಕತ್ತೇನಿ. ಒಂದ್ ವಾರ ತಡೀರಿ, ಮಳಿ ಬರ್ತದ. ಒಂದೇ ವಾರ. ಸತ್ತಾಂವ ಎಲ್ಲಿಗೂ ಎದ್ದು ಹೋಗೂದಿಲ್ಲ."

ಹಿಂದಿನಿಂದ ಒಬ್ಬ ಮುದುಕ, "ಬಾಯಾರ ಕೈಗೂ ಹತ್ಯದ ನೋಡ್ರಿ, ಅದಕ್ಕ ಹಿಂಗ ಮಾತಾಡ್ತಾರ" ಎಂದ. ಮೇಡಂ ಆ ಕೈಗಳನ್ನು ಅವನತ್ತ ಚಾಚಿ, "ಹೌದು. ನಾಳಿ ನಾ ಸತ್ತರ ನನ್ನನ್ನೂ ತಗೀತೀರೇನು?" ಎಂದು ಕೇಳಿದರು. ಆಗ ಸಾವ್ಕಾರ ಎದ್ದು ಕೈಮುಗಿದ.

"ಬಾಯಾರ ಮಾತು ಖರೆ ಅದ. ಓದಿದವರು. ಒಂದ್ ವಾರ ಅಂದ್ರ ಏನ್ ಮಹಾ? ತಡೀತೀವಿ. ನೀವು ನಿಶ್ಚಿಂತಿ ಹೋಗ್ರಿ."

ವಾಪಸು ಬರುವಾಗ ಬಸ್ಸಿನಲ್ಲಿ ನಾನೇ, ಕೊನೆಗೂ ನಿಮ್ಮ ಮಾತು ಕೇಳಿದರಲ್ಲ, ಅದೇ ದೊಡ್ಡದು ಎಂದೆ. ಅವರು ಹೌದು ಎನ್ನಲಿಲ್ಲ.

ಮಾರನೆಯ ಬೆಳಿಗ್ಗೆ ಹೆಣ ತೆಗೆದರು. ಹುಡುಗಿಯ ಅವ್ವ ಗುಂಡಿಯ ಮೇಲೆ ಅಡ್ಡ ಮಲಗಿದ್ದಳಂತೆ. ಹೆಂಗಸರನ್ನೇ ಕರೆಸಿ ಅವಳನ್ನು ಎತ್ತಿಸಿ ಆಚೆ ಕೂರಿಸಿದರು. ಹತ್ತಿ ಕಟ್ಟಿಗೆ, ಟೈರು, ಡೀಸೆಲ್ಲು. ಹುಡುಗಿ ಫೋನ್ ಮಾಡಿದಾಗ ಎಲ್ಲ ಮುಗಿದಿತ್ತು. ಆ ವಾರವೇ, ಮೇಡಂ ಹೇಳಿದ ಹಾಗೆ, ಬಂಗಾಳದ ಕಡಲಿನ ಸುಳಿ ಒಳನಾಡಿಗೆ ಬಂತು. ಶಹಾಪುರದಲ್ಲಿ ರಸ್ತೆ ತುಂಬ ನೀರು ಹರಿಯಿತು. ಆ ಊರಲ್ಲಿ ಸಾವ್ಕಾರನಿಗೆ ಹಾರ ಹಾಕಿದರು.

ಮೇಡಂ ಹುಡುಗಿಯನ್ನು ಕರೆದುಕೊಂಡು ದೂರು ಕೊಡಲು ಓಡಾಡಿದರು. ದೂರು ಬರೆದುಕೊಂಡರು ಕೂಡ. ಆದರೆ ಅವ್ವ ಬಂದು, ತಾನೇ ಒಪ್ಪಿದ್ದೆ ಎಂದು ಹೇಳಿ ಹೆಬ್ಬೆಟ್ಟು ಒತ್ತಿದಳು. ಅವಳಿಗೆ ಇನ್ನೂ ಆ ಊರಲ್ಲೇ ಬಾಳಬೇಕಿತ್ತು. ಮೇಡಂ ಅವಳ ಮೇಲೆ ಒಂದು ಮಾತೂ ಆಡಲಿಲ್ಲ. ಹುಡುಗಿಯನ್ನು ಹಾಸ್ಟೆಲ್ಲಿಗೆ ಸೇರಿಸಿದರು, ಓದಿಸಿದರು. ಅವಳು ಈಗ ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ ನರ್ಸು.

ಆ ಸಾವ್ಕಾರ ಸುಗ್ಗಿಯಲ್ಲಿ ನನಗೆ ಶಹಾಪುರದಲ್ಲಿ ಬೆಳೆ ಮಾರಿಸಿಕೊಡುವ ಅಡತಿ ಅಂಗಡಿಯೊಂದರಲ್ಲಿ ಸಿಕ್ಕಿದ. ಚುನಾವಣೆ ಗೆದ್ದಿದ್ದ. ಅದೇ ಮರ್ಯಾದೆಯಿಂದ ನಮಸ್ಕಾರ ಮಾಡಿದ. ತಡೆಯುತ್ತೇನೆ ಎಂದು ಮಾತು ಕೊಟ್ಟು ಮಾರನೇ ದಿನವೇ ಯಾಕೆ ತೆಗೆಸಿದಿ ಎಂದು ನಾನು ಕೇಳಿದೆ. ಅವನು ಸುತ್ತ ನೋಡಿ, ದನಿ ತಗ್ಗಿಸಿ, ಗೆಳೆಯನಿಗೆ ಹೇಳುವ ಹಾಗೆ ಹೇಳಿದ:

"ಬಾಯಾರು ಒಂದ್ ವಾರದಾಗ ಮಳಿ ಬರ್ತದ ಅಂದ್ರಲ್ರಿ ಸರ್. ನನಗ ನಂಬಿಗಿ ಆತು. ಮಳಿ ಬಂದ ಮ್ಯಾಲ ತಗದ್ರ ಏನ್ ಫಾಯ್ದಾ?"

ಮೂಢನಂಬಿಕೆ ಎಂದು ನಾವು ಸುಲಭವಾಗಿ ಅನ್ನುತ್ತೇವೆ. ನಂಬಿದವರು ಆ ಊರಿನ ಬಡವರು. ಬಾಡುತ್ತಿದ್ದ ಪೈರು ನೋಡಿ ಹೆದರಿದವರು. ಅವರ ಮೇಲೂ ನನಗೆ ಸಿಟ್ಟಿದೆ, ಆದರೆ ಅದು ಬೇರೆ ಸಿಟ್ಟು. ಇವನು ನಂಬಿರಲಿಲ್ಲ. ಇವನಿಗೆ ಮಳೆ ಹೇಗೆ ಬರುತ್ತದೆ ಎಂದು ಚೆನ್ನಾಗಿ ತಿಳಿದಿತ್ತು. ತಿಳಿದದ್ದಕ್ಕೇ ಅವಸರ ಮಾಡಿದ.

ಮೇಡಂಗೆ ಹೇಳಬೇಕೋ ಬೇಡವೋ ಎಂದು ಕೆಲವು ದಿನ ಒದ್ದಾಡಿ ಕೊನೆಗೆ ಹೇಳಿದೆ. ಅವರು ಉತ್ತರ ಪತ್ರಿಕೆ ತಿದ್ದುತ್ತಿದ್ದರು. ಪೆನ್ನು ಕೆಳಗಿಡಲಿಲ್ಲ.

"ನನಗ ಅವತ್ತೇ ಗೊತ್ತಾಗಿತ್ತು ಸರ್. ಆ ಕಟ್ಟಿ ಮ್ಯಾಲ ಕುಂತವರೊಳಗ ನನ್ನ ಪಾಠ ಪೂರಾ ಕೇಳಿದಾಂವ ಅವನೊಬ್ಬನೇ."

ಇನ್ನೊಂದು ಉತ್ತರ ಪತ್ರಿಕೆ ಎಳೆದುಕೊಂಡು ಮತ್ತೆ ಹೇಳಿದರು: "ನಾ ಮಳಿ ಬರ್ತದ ಅಂತ ಹೇಳಾಕ ಹೋಗಿದ್ದೆ. ತಡ ಆಗಿತ್ತು. ಮಳಿ ನಿಲ್ತದ ಅಂತ ಮೊದಲೇ ಹೇಳಬೇಕಿತ್ತು. ನಿಂತ ಮ್ಯಾಲ ಯಾರೂ ಕೇಳೂದಿಲ್ಲ, ಯಾರನ್ನರೆ ಹಿಡೀಬೇಕು ಅಂತಿರ್ತಾರ."

ಮುಂದಿನ ವರ್ಷದಿಂದ ಅವರು ಅದನ್ನೇ ಹಿಡಿದರು. ಮೊದಲ ಮಳೆ ಬಿದ್ದು, ಊರೆಲ್ಲ ಖುಷಿಯಲ್ಲಿ ಕೂರಿಗೆ ಹೂಡುವ ಹೊತ್ತಿಗೆ ಸರಿಯಾಗಿ ಟವೆಲ್ ಚೀಲದಲ್ಲಿಟ್ಟುಕೊಂಡು ಹೊರಡುತ್ತಿದ್ದರು. ಭಾನುವಾರ ಒಂದು ಊರು, ರಜೆ ಸಿಕ್ಕರೆ ಇನ್ನೊಂದು. ಈಗ ಬಂದ ಮಳೆ ನಡುವೆ ನಿಲ್ಲುತ್ತದೆ, ಹೆದರಬೇಡಿ, ಯಾರನ್ನೂ ದೂರಬೇಡಿ ಎಂದು ಹೇಳುವುದಕ್ಕೆ. ಒಳ್ಳೆಯ ಮಳೆಯಲ್ಲಿ ಇಂಥ ಮಾತು ಯಾರಿಗೆ ಬೇಕು? ಅಪಶಕುನ ನುಡಿಯಬೇಡ ಎಂದು ಬೈಸಿಕೊಂಡರು. ಒಂದೂರಲ್ಲಿ ಹುಡುಗರು ಅವರ ನಡಿಗೆಯ ಅಣಕ ಮಾಡುತ್ತ ಬಸ್ಸಿನವರೆಗೆ ಹಿಂದೆ ಬಂದರು. ಮೇಡಂ ತಿರುಗಿ ನಿಂತು, ಆ ಹುಡುಗರಿಗೇ ಬಸ್ಸು ಬರುವ ತನಕ ಎರಡು ಕಡಲಿನ ಪಾಠ ಮಾಡಿದರು.

ಕೆಂಭಾವಿ ಸಂತೆಗೆ ನಾನೂ ಹೋಗಿದ್ದೆ. ಒಣಮೆಣಸಿನಕಾಯಿ ರಾಶಿಗಳ ನಡುವೆ ನಿಂತು ಮೇಡಂ ಗಂಟಲು ಹರಿದುಕೊಂಡು ಹೇಳುತ್ತಿದ್ದರು. "ಜೂನಿನ್ಯಾಗ ಬಂದದ್ದು ಬರೇ ಶುರು. ನಮ್ಮ ಸೀಮಿಗೆ ದೊಡ್ಡ ಮಳಿ ಸೆಪ್ಟೆಂಬರಿಗೆ. ಗಾಳಿ ತಿರುಗಿ ಹೋಗೂ ಮುಂದ ಗುಡುಗು ಮಿಂಚು ಕೂಡಿ ಬರ್ತದ. ನಡುವ ಬಿಸಲು ಬಿದ್ದರ ಮುಗೀತು ಅನ್ನಬ್ಯಾಡ್ರಿ." ಮೆಣಸಿನಕಾಯಿ ಮಾರುತ್ತಿದ್ದ ಅಜ್ಜಿಯೊಬ್ಬಳು ಎಲ್ಲ ಕೇಳಿಸಿಕೊಂಡು, "ಅಲ್ಲವ್ವಾ, ಇದರಾಗ ದೇವರು ಎಲ್ಲಿ ಬಂದ?" ಎಂದಳು.

ಮೇಡಂ ಅವಳ ಪಕ್ಕ ನೆಲಕ್ಕೆ ಕೂತರು. ಅವರು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ಗಾಳಿ ಬಿಡಾಂವ ಅವನೇ ಅಂತ ಬೇಕಾದ್ರ ಅನ್ನು ಆಯಿ. ನಾ ಬ್ಯಾಡ ಅನ್ನೂದಿಲ್ಲ. ಆದ್ರ ಗಾಳಿ ಬರಲಿಲ್ಲಂದ್ರ ಸತ್ತವರ ಮ್ಯಾಲ ಹಾಕಬ್ಯಾಡ."

"ಇಲ್ಲವ್ವಾ," ಎಂದಳು ಅಜ್ಜಿ. ಎದ್ದು ಬರುವಾಗ ಮೇಡಂ ಸೆರಗಿಗೆ ಒಂದು ಹಿಡಿ ಮೆಣಸಿನಕಾಯಿ ಹಾಕಿದಳು. ಆ ಬಿಳಿ ಕೈ ಮುಟ್ಟಿಯೇ ಹಾಕಿದಳು.

ಇಷ್ಟರಿಂದ ಏನಾದರೂ ಬದಲಾಯಿತೇ ಎಂದರೆ ಹೇಳಲಾರೆ. ಒಂದೆರಡು ಊರುಗಳಲ್ಲಿ ಮಾತು ಎದ್ದು ಅಲ್ಲೇ ಅಡಗಿತು ಎಂದು ಕೇಳಿದ್ದೇನೆ.

ಕಳೆದ ವರ್ಷ ಅವರಿಗೆ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ಕಲಬುರಗಿಯ ಆಸ್ಪತ್ರೆಯಲ್ಲಿ ಆ ನರ್ಸು ಹುಡುಗಿಯೇ ನೋಡಿಕೊಂಡಳು. ಕೊನೆಯ ವಾರಗಳಲ್ಲಿ ಕೆಂಭಾವಿ ಹತ್ತಿರದ ಹಳ್ಳಿಯಿಂದ ಅಣ್ಣ, ಅತ್ತಿಗೆ ಬಂದಿದ್ದರು. ಕುರಿ ಸಾಕುವ ಮಂದಿ. ನಾನು ನೋಡಲು ಹೋದ ದಿನ ಮೇಡಂ ನಮ್ಮೆಲ್ಲರನ್ನೂ ಹಾಸಿಗೆಯ ಹತ್ತಿರ ಕರೆದು, "ನನ್ನ ಮಣ್ಣು ಮಾಡ್ರಿ" ಎಂದರು. "ಅಂಜಿ ಸುಡಬ್ಯಾಡ್ರಿ. ಸುಟ್ಟರ ನಾ ಇಷ್ಟು ವರ್ಷ ಹೇಳಿದ್ದು ನೀವೇ ಸುಳ್ಳು ಮಾಡಿದ್ಹಂಗ."

ಆದರೆ ಹೆಣ ಊರಿಗೆ ಬಂದ ಮೇಲೆ ಅಣ್ಣ ಸುಡುವುದೆಂದೇ ಹಟ ಹಿಡಿದ. ನಾನು ಕೂಗಾಡಿದೆ. ಓದಿದ ತಂಗಿಯ ಕೊನೆಯ ಮಾತಿಗೆ ಬೆಲೆ ಇಲ್ಲವೇನು ಎಂದೆ. ಅವನು ನನ್ನನ್ನು ಪಕ್ಕಕ್ಕೆ ಕರೆದ.

"ಸರ್, ನೀವು ಸಂಜಿಗೆ ಶಹಾಪುರಕ್ಕ ಹೋಗ್ತೀರಿ. ನಾವು ಇಲ್ಲೇ ಇರೋರು. ಮಳಿ ಹಿಂದಾತಂದ್ರ ಗುದ್ದಲಿ ಹಿಡಕೊಂಡು ನಮ್ಮ ಹೊಲಕ್ಕ ಬರ್ತಾರ. ತಂಗೀನ ನನ್ನ ಕಣ್ಮುಂದ ಹೊರಗ ಎಳೀತಾರ. ಅದನ್ನ ನಾ ನೋಡಲಾರೆ. ಈಗ ಸುಟ್ಟಬಿಟ್ರ ಆಕಿನ್ನ ಮತ್ಯಾರೂ ಮುಟ್ಟೂದಿಲ್ಲ."

ನನ್ನ ಸಿಟ್ಟು ಅಲ್ಲೇ ಸಿಕ್ಕಿಹಾಕಿಕೊಂಡಿತು. ಅವನ ಮೇಲೆ ಹಾಕಲು ಆಗಲಿಲ್ಲ. ಉತ್ತರ ಕೊಟ್ಟವಳು ಅವನ ಹೆಂಡತಿ. "ಆಕಿ ನಿಮಗೂ ಹೇಳ್ಯಾಳ, ನನಗೂ ಹೇಳ್ಯಾಳ. ನಾ ಹೂಂ ಅಂದೀನಿ," ಎಂದಳು. ಅಷ್ಟೇ. ಗುದ್ದಲಿ ತಗೊಂಡು ಹೊಲದ ಕಡೆ ನಡೆದಳು. ಹಿಂಗಾರಿ ಜೋಳಕ್ಕೆಂದು ಬೀಳು ಬಿಟ್ಟ ಕರಿಮಣ್ಣಿನ ಹೊಲ. ಅಲ್ಲಿ ಹೂಳಿದೆವು.

ಜುಲೈ ಬಂತು. ಮಳೆ ನಿಂತಿತು. ತೊನ್ನಿನ ಬಾಯಾರನ್ನು ಹೂತಿದ್ದಾರೆ ಎಂಬ ಮಾತು ಶಹಾಪುರದ ಬಸ್ ನಿಲ್ದಾಣದವರೆಗೂ ಬಂದಾಗ ನನಗೆ ಮನೆಯಲ್ಲಿ ಕೂರಲಾಗಲಿಲ್ಲ. ಹೋದ ಭಾನುವಾರ ಮೊದಲ ಬಸ್ಸಿಗೆ ಹೊರಟೆ. ದಾರಿಯುದ್ದಕ್ಕೂ ಯಾರ ಜೊತೆ ಹೇಗೆ ಜಗಳ ಮಾಡಬೇಕು ಎಂದೇ ಯೋಚಿಸುತ್ತಿದ್ದೆ.

ಹೊಲದ ತುಂಬ ಕುರಿಗಳಿದ್ದವು. ಗೊಬ್ಬರಕ್ಕೆಂದು ಬೇರೆಯವರ ಹೊಲಗಳಲ್ಲಿ ಕೂಡಿಸುತ್ತಿದ್ದ ತನ್ನ ಹಿಂಡನ್ನೆಲ್ಲ ಅಣ್ಣ ಈ ಹೊಲಕ್ಕೇ ತಂದು, ಸುತ್ತ ಬಲೆ ಕಟ್ಟಿ ತರುಬಿ ನಿಲ್ಲಿಸಿದ್ದ. ಮಣ್ಣಿನ ದಿಬ್ಬ ಸರಿಯಾಗಿ ನಡುವೆ ಇತ್ತು, ಅದರ ಸುತ್ತ ಕುರಿಗಳು ಒತ್ತೊತ್ತಾಗಿ ಮಲಗಿದ್ದವು. ನಾಯಿಗಳು ನನ್ನನ್ನು ನೋಡಿ ಎದ್ದವು. ಅಣ್ಣ ಗದರಿಸಿದ ಮೇಲೆ ಕೂತವು. ಅವನ ಹೆಂಡತಿ ಮೂರು ಕಲ್ಲು ಹೂಡಿ ಅಲ್ಲೇ ರೊಟ್ಟಿ ಬಡಿಯುತ್ತಿದ್ದಳು. ಸಂಸಾರವೇ ಹೊಲಕ್ಕೆ ಬಂದಿತ್ತು.

"ಎಲ್ಲಿತನಕ ಇಲ್ಲೇ ತರುಬ್ತಿ?" ಎಂದು ಕೇಳಿದೆ.

"ಮಳಿ ಬರೂತನಕ್ರಿ."

"ಯಾರಾದ್ರೂ ಬಂದಿದ್ರೇನು?"

"ಮೊನ್ನಿ ಬಂದಿದ್ರು. ಕುರಿ ಎಬ್ಬಿಸು, ಮಾತಾಡೂದದ ಅಂದ್ರು. ಎಬ್ಬಿಸೂದಿಲ್ಲ ಅಂದೆ. ಹಂಗಾರ ಮಳಿ ಯಾವಾಗ ಬರ್ತದ ಹೇಳು ಅಂದ್ರು." ಅವನು ಕಂಬಳಿಯ ತುದಿಯಿಂದ ಮುಖ ಒರೆಸಿಕೊಂಡ. "ನಾ ಓದಿಲ್ರಿ ಸರ್. ಏನ್ ಹೇಳ್ಲಿ? ನನಗ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ, ಗೊತ್ತಿದ್ದಾಕಿ ಇಲ್ಲಿ ಮಲಗ್ಯಾಳ, ಆಕಿನ್ನ ಎಬ್ಬಿಸಾಕ ಬಿಡೂದಿಲ್ಲ ಅಂದೆ."

ಮುಗಿಲಲ್ಲಿ ಒಂದು ತುಂಡು ಮೋಡವೂ ಇರಲಿಲ್ಲ. ಅವನು ರೊಟ್ಟಿ ಮುರಿದು ನಾಯಿಗಳಿಗೆ ಹಾಕಲು ಎದ್ದ.